ಇಬ್ರಾಹಿಂ ಮಾಸ್ತರ್ ಅವರ ‘ಹೌ’

ಹೋದ ತಿಂಗಳು ಗೆಳತಿ ಮಗಳ ಮದುವಿಗಿ ಅಂತ ಶಹಾಪುರಕ್ಕ ಹೋಗಿದ್ದೆ. ಬಸ್ ಸ್ಟ್ಯಾಂಡಿನ್ಯಾಗ ಇಳಿದು, ಮಾರಿಗಿ ಹೊಡೆದ ಧೂಳು ಸೆರಗಿಲೆ ಒರೆಸ್ಕೋತ, ಆಟೋದವನ ಜೋಡಿ ಜಗಳಕ್ಕ ನಿಂತಿದ್ದೆ. ಬಾಜೂಕ ಕಟ್ಟಿ ಮ್ಯಾಲ ಒಬ್ಬ ಮುದುಕ ಫೋನ್ ಕಿವಿಗಿ ಹಚ್ಕೊಂಡು ಕುಂತಿದ್ದ. ಆ ಕಡಿಯವರು ಏನ್ ಹೇಳಾಕತ್ತಿದ್ರೋ ಏನೋ, ಇಂವ ಮಾತ್ರ ನಡುನಡುಕ "ಹೌ... ಹೌ... ಹೌ" ಅಂತಿದ್ದ. ನನ್ನ ಜಗಳಾ ಅಲ್ಲೇ ನಿಂತು ಹೋತು. ಆಟೋದವ "ಏನ್ ಅಕ್ಕಾರ, ಬರ್ತೀರೋ ಇಲ್ಲೋ?" ಅಂತ ಒದರಿದ ಮ್ಯಾಲ ಎಚ್ಚರಾತು. ಮೊದಲು ನಗು ಬಂತು, ಆಮ್ಯಾಲ ನಮ್ಮ ಇಬ್ರಾಹಿಂ ಮಾಸ್ತರ್ ನೆನಪಾದ್ರು. ಮದುವಿ ಊಟಾನೂ ಸರಿ ಸೇರ್ಲಿಲ್ಲ.

ನಮ್ಮ ಕಡಿ ಮುಸಲ್ಮಾನರ ಮನ್ಯಾಗ ‘ಹೌ’ ಅಂದ್ರ ಹೌದು. ಆದ್ರ ಯಾರರೇ ಮಾತಾಡೋ ಮುಂದ ಎದುರಿಗಿ ಕುಂತು ‘ಹೌ’ ಅಂದ್ರ, ಕೇಳಾಕತ್ತೀನಿ, ಮುಂದ ಹೇಳು ಅಂತ. ಅದು ಒಪ್ಪಿಗಿ ಅಲ್ಲ. ಫೋನಿನ್ಯಾಗ ಜರಾ ಹೊತ್ತು ‘ಹೌ’ ಅನ್ನದೇ ಇದ್ದು ನೋಡ್ರಿ, ಆ ಕಡಿಯವರು "ಹಲೋ, ಹಲೋ, ಲೈನ್ ಹೋತೇನು?" ಅಂತ ಶುರು ಹಚ್ಕೋತಾರ. ಇಬ್ರಾಹಿಂ ಮಾಸ್ತರ್ ಈ ಸಣ್ಣ ಶಬ್ದ ಒಂದನ್ನ ಹಿಡ್ಕೊಂಡು ಟೀವ್ಯಾಗ ದೊಡ್ಡ ದೊಡ್ಡವರನ್ನ ಮಾತಾಡಿಸ್ತಿದ್ರು. ಅದೇ ಶಬ್ದ ಒಂದು ಬ್ಯಾಸಗ್ಯಾಗ ಅವರ ಕುತ್ತಿಗಿಗಿ ಬಂತು.

ಅದು ಇಲೆಕ್ಷನ್ ಬ್ಯಾಸಗಿ. ನಮ್ಮ ಕಡಿ ಬಿಸಲು ಗೊತ್ತಿದ್ದವರಿಗೆ ಹೇಳೋದು ಬ್ಯಾಡ, ಗೊತ್ತಿಲ್ಲದವರಿಗೆ ಹೇಳಿದ್ರೂ ತಿಳಿಯಂಗಿಲ್ಲ. ಮುಂಜಾನಿ ನಾಷ್ಟಾ ಮಾಡಿ ಹೊರಗ ಬರೂದ್ರಾಗ ಗಾಳಿ ಕಾದು ಬಿಟ್ಟಿರ್ತಿತ್ತು. ಡಾಂಬರು ಚಪ್ಪಲಿಗಿ ಹತ್ತಿ ಕಿರಿಕಿರಿ. ನಾ ಆಗ ಶಹಾಪುರದ ಒಂದು ಸಣ್ಣ ಕೇಬಲ್ ಚಾನೆಲ್‌ನ್ಯಾಗ ಕ್ಯಾಮೆರಾ ಹಿಡಿತಿದ್ದೆ, ಎಡಿಟಿಂಗೂ ನಂದೇ. ನಮ್ಮ ಮನಿ ಸುರಪುರದಾಗ, ಬುದ್ಧವಿಹಾರದ ಓಣ್ಯಾಗ. ದಿನಾ ಬಸ್ಸಿನ್ಯಾಗ ಬಂದು ಹೋಗಿ ಮಾಡ್ತಿದ್ದೆ. ಇಲೆಕ್ಷನ್ ಬಂತಂದ್ರ ಆ ಬಸ್ಸೂ ಇಲ್ಲ, ಮನೀನೂ ಇಲ್ಲ. ಮುಂಜಾನಿ ಯಾದಗಿರಿ, ಮಧ್ಯಾಹ್ನ ವಡಗೇರಾ, ಸಂಜಿಗಿ ಸುರಪುರ. ಒಂದು ಹಳೇ ಜೀಪು, ಕಿಟಕಿ ಗಾಜು ಮ್ಯಾಲ ಏರತಿದ್ದಿಲ್ಲ. ತಲಿ ತುಂಬ ಧೂಳು, ಬ್ಯಾಗಿನ್ಯಾಗ ಎರಡು ಬ್ಯಾಟರಿ, ಮನಸಿನ್ಯಾಗ ಸದಾ ಗಡಿಬಿಡಿ. ಕುಂತಲ್ಲಿ ಕುಂದರಾಕ ಆಗ್ತಿದ್ದಿಲ್ಲ.

ನಮ್ಮ ಕಾರ್ಯಕ್ರಮದ ಹೆಸರು ‘ಎರಡು ಕುರ್ಚಿ’. ಒಂದರಾಗ ಲೀಡರು, ಇನ್ನೊಂದರಾಗ ಇಬ್ರಾಹಿಂ ಮಾಸ್ತರ್. ಮಾಸ್ತರ್ ಸುರಪುರ ಬಾಜೂಕಿನ ರಂಗಂಪೇಟಿಯವರು. ಮೊದಲು ಹೈಸ್ಕೂಲಿನ್ಯಾಗ ಕನ್ನಡ ಕಲಿಸ್ತಿದ್ರು. ಮನ್ಯಾಗ ದಖನಿ ಉರ್ದು, ಹೊರಗ ನಮ್ಮಂಥಾ ಕನ್ನಡ, ಬೋರ್ಡಿನ ಮ್ಯಾಲ ಪುಸ್ತಕದ ಕನ್ನಡ, ಮೂರೂ ಚೊಕ್ಕ. ಐವತ್ತು ದಾಟಿದ ಮನಷ್ಯಾ, ಎಣ್ಣಿ ಹಚ್ಚಿ ಬಾಚಿದ ತಲಿ, ಇಸ್ತ್ರಿ ಮಾಡಿದ ಅಂಗಿ. ಕುರ್ಚಿ ತುದಿಗಿ ಕುಂತು, ಎರಡೂ ಕೈ ಮೊಣಕಾಲ ಮ್ಯಾಲ ಇಟ್ಕೊಂಡು, ಮುಂದ ಬಾಗಿ ಒಂದು ಸವಾಲು ಕೇಳ್ತಿದ್ರು. ಒಂದೇ. ಅದೂ ಸಣ್ಣದು. ಆಮ್ಯಾಲ ಬರೇ "ಹೌ... ಹೌ".

ನನಗ ಮೊದಮೊದಲು ಮೈಯೆಲ್ಲಾ ಉರಿತಿತ್ತು. ಯಾಕಂದ್ರ ನಾ ಟೀವಿ ಅಂದ್ರ ಒದರೋದು ಅಂತ ತಿಳಿದಾಕಿ. ಬೆಂಗಳೂರಿನ ಚಾನೆಲ್‌ನವರು ಟೇಬಲ್ ಗುದ್ದಿ, ಬಟ್ಟು ತೋರಿಸಿ, ಎದುರಿಗಿದ್ದವರು ಬಾಯಿ ತೆಗಿಯೂದ್ರಾಗ ಇನ್ನೊಂದು ಪ್ರಶ್ನಿ ಒಗಿತಿದ್ರಲ್ಲ, ಅದನ್ನ ನೋಡಿ ಭಲೆ ಅಂತಿದ್ದೆ. ನಮ್ಮ ಓನರ್ ಶೇಖರಣ್ಣಂದೂ ಅದೇ ರಾಗ. "ಮಾಸ್ತರ್, ಜರಾ ಹಲ್ಲಾ ಮಾಡ್ರಿ. ನೀವು ಹಿಂಗ ಹೌ ಹೌ ಅಂತ ಕುಂತ್ರ ಬೀಗರು ಮಾತಿಗಿ ಕುಂತಂಗ ಕಾಣ್ತದ" ಅಂತಿದ್ದ. ಜೀಪಿನ್ಯಾಗ ಬರೋವಾಗ ನಾನೂ ಬಿಡ್ತಿದ್ದಿಲ್ಲ.

"ಮಾಸ್ತರ್, ನಿಮ್ಮ ಹೌ ಮೈಕಿನ್ಯಾಗ ಕೇಳಸ್ತದ್ರಿ. ನಂಗ ತೆಗಿಯಾಕ ಬರಂಗಿಲ್ಲ. ಅದನ್ನ ಬಿಡ್ರಿ."

"ಹೌ" ಅಂತಿದ್ರು ಮಾಸ್ತರ್.

ಏನ್ ಮಾಡ್ತೀರಿ ಇಂಥವರಿಗಿ!

ಆದ್ರ ನೋಡ್ಕೋತ ನೋಡ್ಕೋತ ನನ್ನ ಕಣ್ಣು ಸ್ವಲ್ಪ ತೆರೀತು. ಯಾದಗಿರಿಯೊಳಗ ಒಬ್ಬ ಲೀಡರು ರಸ್ತೆ ಬಗ್ಗೆ ಹೇಳ್ಕೋತ ಕುಂತಿದ್ರು. ಅಷ್ಟು ಅಗಲ, ಇಷ್ಟು ಉದ್ದ, ಭಾರಿ ಚಂದ. ಮಾಸ್ತರ್ "ಹೌ" ಅಂದ್ರು. ಲೀಡರ್ ಇನ್ನೂ ಹೇಳಿದ್ರು. ಮಾಸ್ತರ್ ಮತ್ತ "ಹೌ". ಹೇಳೂದೆಲ್ಲಾ ಮುಗಿದು ಹೋತು, ‘ಹೌ’ ಮುಗೀಲಿಲ್ಲ. ಕಡೀಕ ಆ ಮನಷ್ಯಾ ತಾನೇ ನಕ್ಕು, "ಖರೇ ಹೇಳ್ಬೇಕಂದ್ರ ಆ ರಸ್ತೆ ನಾ ಇನ್ನೂ ನೋಡೇ ಇಲ್ರಿ" ಅಂದುಬಿಟ್ರು. ನಾ ಕ್ಯಾಮೆರಾ ಹಿಂದ ಬಾಯಿ ಮುಚ್ಕೊಂಡು ನಕ್ಕೆ. ಟೇಬಲ್ ಗುದ್ದಿದ್ರ ಅದು ಹೊರಗ ಬರ್ತಿತ್ತೇನು?

ನಮ್ಮ ಮಾತಿನ್ಯಾಗ ‘ಮಾಡಾಕತ್ತೀವಿ’ ಅನ್ನೋದೊಂದು ಭಾರಿ ಅನುಕೂಲದ ಮಾತದ. ಮಾಡೀವಿ ಅಂದ್ರ ತೋರಿಸಬೇಕಾಗ್ತದ. ಮಾಡ್ತೀವಿ ಅಂದ್ರ ಯಾವಾಗ ಅಂತ ಕೇಳ್ತಾರ. ಮಾಡಾಕತ್ತೀವಿ ಅಂದ್ರ ಮುಗೀತು, ಯಾರೂ ಹಿಡಿಯಂಗಿಲ್ಲ. ನಮ್ಮ ಲೀಡರ್‌ಗೋಳು ಎಲ್ಲಾರೂ ಆ ಮಾತಿನ್ಯಾಗೇ ಮನಿ ಮಾಡ್ಕೊಂಡು ಅದಾರ. ಮಾಸ್ತರ್ ಮಾತ್ರ ‘ಮಾಡಾಕತ್ತೀವ್ರಿ’ ಅಂತ ಕೇಳಿದ ಕೂಡಲೇ ಇನ್ನೂ ಸ್ವಲ್ಪ ಮುಂದ ಬಾಗಿ, ಖುಷಿಯಿಂದ ಕೇಳೋ ಮಂದಿ ಹಂಗ, "ಹೌ?" ಅಂತಿದ್ರು. ಆವಾಗ ಮಂದಿಗೆ ಇನ್ನೊಂದು ಮಾತು ಹೇಳಲೇಬೇಕಾಗ್ತಿತ್ತು. ಆ ಇನ್ನೊಂದು ಮಾತಿನ್ಯಾಗ ಸಿಗಬೀಳ್ತಿದ್ರು.

ಸಿಗಬೀಳದವರು ಅಂದ್ರ ಅಪ್ಪಾಸಾಬ್ರು. ಇದು ಅವರ ಖರೇ ಹೆಸರಲ್ಲ, ನಾ ಇಟ್ಟಿದ್ದು. ಒಮ್ಮೆ ಗೆದ್ದವರು, ಇನ್ನೊಮ್ಮೆ ಗೆಲ್ಲಾಕ ನಿಂತವರು. ಸಿಟ್ಟಿಗೇಳೋದು ಗೊತ್ತಿಲ್ಲ. ಮನಿಗಿ ಹೋದ್ರ ತಾವೇ ನೀರು ತಂದು ಕೊಡ್ತಾರ, ನನಗ "ತಂಗೆವ್ವಾ, ಬಿಸಲಾಗ ಭಾಳ ಅಡ್ಡಾಡಬ್ಯಾಡ" ಅಂತಾರ. ಇಂಥವರನ್ನ ಕಂಡ್ರ ನನಗ ಹೆಚ್ಚು ಹೆದರಿಕಿ.

ವಡಗೇರಾ ದಾಟಿ ಒಳಗ ಹೋದ್ರ ಒಂದು ಊರು. ಹೆಸರು ಬರೆಯಂಗಿಲ್ಲ. ಅಲ್ಲಿ ಹೊಸಾ ಹೆರಿಗಿ ದವಾಖಾನಿ ಕಟ್ಟಿದ್ರು, ಅಪ್ಪಾಸಾಬ್ರ ಕಾಲದಾಗ. ಹಳದಿ ಬಣ್ಣ, ಮುಂದ ನಾಕು ಮೆಟ್ಟಲು, ಬಾಗಿಲಿಗಿ ದೊಡ್ಡ ಕೀಲಿ. ಕಟ್ಟಿದಾಗಿಂದ ಆ ಕೀಲಿ ತೆಗೆದಿದ್ದಿಲ್ಲ. ಅದನ್ನ ನಮಗ ಹೇಳಿದಾಕಿ ಮಲ್ಲಮ್ಮ, ಆ ಊರಿನ ಆಶಾ ಕಾರ್ಯಕರ್ತೆ. ಬಸುರಿ ಹೆಣಮಕ್ಕಳನ್ನ ದವಾಖಾನಿಗಿ ಕರಕೊಂಡು ಹೋಗೋದು ಆಕಿ ಕೆಲಸ. ಊರಾಗಿನ ದವಾಖಾನಿ ಬಾಗಿಲು ಹಾಕಿದ್ದಕ್ಕ ಟಂಟಂ ಆಟೋ ಮಾಡಿಸ್ಕೊಂಡು ಶಹಾಪುರಕ್ಕೋ ಯಾದಗಿರಿಗೋ ಓಡಬೇಕು. ಹಂಗ ಓಡೋವಾಗ ಒಬ್ಬಾಕಿ ನಡು ಹಾದ್ಯಾಗ, ಟಂಟಂನ್ಯಾಗೇ ಹಡದಿದ್ಲು. ಮಲ್ಲಮ್ಮ ತನ್ನ ಸೀರಿ ಅಡ್ಡ ಹಿಡಿದು ಹೆರಿಗಿ ಮಾಡಿಸಿದ್ಲಂತ. ಕೂಸು ಉಳೀತು, ಪುಣ್ಯಾ. ಇದನ್ನೆಲ್ಲಾ ಆಕಿ ಕ್ಯಾಮೆರಾ ಮುಂದ ನಿಂತು ಹೇಳಿದ್ಲು. ಯಾರ ಮ್ಯಾಲೂ ಹಾಯ್ಲಿಲ್ಲ, ಅಳ್ಲಿಲ್ಲ. ಕೀಲಿ ತೋರಿಸಿ, "ಇದನ್ನ ತೆಗೀರಿ, ಸಾಕು" ಅಂದ್ಲು.

ಅದರಾಗಿಂದು ಒಂದು ಚೂರು ಟೀವ್ಯಾಗ ತೋರಿಸಿ, ಅದನ್ನ ಇಟ್ಕೊಂಡು ಮಾಸ್ತರ್ ಅಪ್ಪಾಸಾಬ್ರನ್ನ ಕುರ್ಚಿಗಿ ಕರೆಸಿದ್ರು. ಸ್ಟುಡಿಯೋ ಅಂದ್ರ ಒಂದು ಅಂಗಡಿ ಮ್ಯಾಲಿನ ಖೋಲಿ, ಹಿಂದ ಹಸಿರು ಬಟ್ಟಿ, ಫ್ಯಾನ್ ಹಾಕಿದ್ರ ಸದ್ದು ಬರ್ತದಂತ ಅದೂ ಬಂದ್. ಎಲ್ಲಾರೂ ಬೆವತು ನೀರಾಗಿದ್ವಿ, ಅಪ್ಪಾಸಾಬ್ರು ಒಬ್ಬರು ಬಿಟ್ಟು. ಮಾಸ್ತರ್ ದವಾಖಾನಿ ಮಾತು ತೆಗೆದ್ರು.

"ದವಾಖಾನಿ ಚಾಲೂ ಅದ ರಿ. ನರ್ಸಮ್ಮ ದಿನಾ ಬರ್ತಾರ. ಹೆಣಮಕ್ಕಳು ಭಾಳ ಖುಷಿ ಅದಾರ" ಅಂದ್ರು ಅಪ್ಪಾಸಾಬ್ರು.

"ಹೌ... ಹೌ" ಅಂದ್ರು ಮಾಸ್ತರ್, ತಲಿ ಅಲ್ಲಾಡಿಸಿ. ಆಮ್ಯಾಲ, "ಮತ್ತ ಆ ಊರಿನ ಮಲ್ಲಮ್ಮ ಬ್ಯಾರೆನೇ ಹೇಳ್ತಾಳಲ್ರಿ?" ಅಂತ ಕೇಳಿದ್ರು. ಅಪ್ಪಾಸಾಬ್ರು ಅದಕ್ಕ, ಪಾಪ ಆಕಿಗಿ ಯಾರೋ ಹೇಳಿಕೊಟ್ಟಾರ ಅಂತ ನಕ್ಕು ಮುಗಿಸಿದ್ರು. ಅವತ್ತು ಅವರು ಸಿಗಬೀಳ್ಲಿಲ್ಲ. ಇರ್ಲಿ ಬಿಡು, ಎಲ್ಲಾರೂ ಎಲ್ಲಾ ದಿನಾ ಸಿಗಬೀಳ್ತಾರೇನು ಅಂತ ನಾವು ಮುಂದಿನ ಊರಿಗಿ ಹೋದ್ವಿ.

ಮರುದಿನಾ ಮುಂಜಾನಿ ಮಂದಿ ಮೊಬೈಲಿನ್ಯಾಗೆಲ್ಲಾ ಒಂದು ತುಣುಕು ಓಡ್ಯಾಡಾಕತ್ತಿತ್ತು. ದವಾಖಾನಿ ಚಾಲೂ ಅದ ಅಂತ ಅಪ್ಪಾಸಾಬ್ರು, ಹೌ ಹೌ ಅಂತ ನಮ್ಮ ಮಾಸ್ತರ್. ಅಲ್ಲಿಗಿ ಕಟ್. ಮುಂದಿನ ಪ್ರಶ್ನಿ ಇಲ್ಲ. ಕೆಳಗ ದೊಡ್ಡ ಅಕ್ಷರದಾಗ ಬರದಿದ್ರು: ಟೀವಿ ಮಾಸ್ತರೇ ಒಪ್ಪಿದ ಮ್ಯಾಲ ಇನ್ನೇನು ಬೇಕು?

ಯಾರು ಕತ್ತರಿಸಿದ್ರು ಅಂತ ಕೇಳೋದೇ ಬ್ಯಾಡ. ವಡಗೇರಾದ ಚಾದಂಗಡ್ಯಾಗ ನಾವು ಕಾಲಿಟ್ಟ ಕೂಡಲೇ ಹುಡುಗೂರು "ಹೌ ಮಾಸ್ತರ್ ಬಂದ್ರು, ಹೌ ಮಾಸ್ತರ್ ಬಂದ್ರು" ಅಂತ ಕಿಸಕಿಸ ನಕ್ಕರು. ಮಾಸ್ತರ್ ಚಾ ಅರ್ಧಾ ಬಿಟ್ಟು ಎದ್ರು. ನನಗ ಆ ಹುಡುಗೂರ ಕಪಾಳಕ್ಕ ಬಿಡಬೇಕನ್ನಿಸ್ತು. "ಅದು ಒಪ್ಪಿಗಿ ಅಲ್ರೋ, ಕೇಳೋ ಮುಂದ ಅನ್ನೋ ಹೌ" ಅಂತ ಹೇಳಿದ್ರ ಯಾರ್ ಕೇಳ್ತಾರ? ತಮ್ಮ ತಮ್ಮ ಮನ್ಯಾಗ ದಿನಾ ಅದನ್ನೇ ಅನ್ನೋ ಮಂದಿನೂ ನಗಾಕತ್ತಿದ್ರು.

ನಗೋದು ಹ್ಯಾಂಗರ ಸಹಿಸಬಹುದಾಗಿತ್ತು. ಮುಂದ ಮಲ್ಲಮ್ಮ ಬಂದ್ಲು. ನಡು ಮಧ್ಯಾಹ್ನ, ಬೀದ್ಯಾಗ ನಾಯಿ ಸುದ್ದಾ ಇಲ್ಲದ ಹೊತ್ತು, ಸ್ಟುಡಿಯೋದ ಮೆಟ್ಟಲು ಹತ್ತಿ ಬಂದು ಬಾಗಿಲಾಗ ನಿಂತಳು. ನಾ ಕೊಟ್ಟ ನೀರು ಗಟಗಟ ಕುಡಿದು ಸೀದಾ ಮಾಸ್ತರ್ ಕಡಿ ತಿರುಗಿದ್ಲು.

"ನೀವು ಹೌ ಅಂದ್ರಿ" ಅಂದ್ಲು.

"ಅದು ನಮ್ಮ ಮನಿ ಮಾತಿನ ರೂಢಿ ಮಲ್ಲಮ್ಮ. ನಾ ಒಪ್ಪಿಲ್ಲ."

"ನನಗ ಗೊತ್ತದ ರಿ. ನಮ್ಮೂರಾಗ ಮನಿ ಮನಿಗಿ ಹೋಗಿ ಇದನ್ನ ಹ್ಯಾಂಗ ಹೇಳ್ಲಿ? ನಾ ಸುಳ್ಳಿ ಆಗೀನಿ ಅಲ್ಲಿ. ಮ್ಯಾಲಿನವರೊಬ್ಬರು ಬಂದು, ಇಲೆಕ್ಷನ್ ಮುಗಿಯೂದ್ರಾಗ ‘ನಾ ಸುಳ್ಳು ಹೇಳೀನಿ, ತಪ್ಪಾಗ್ಯದ’ ಅಂತ ಬರದು ಕೊಡು, ಇಲ್ಲಾ ಕೆಲಸಾ ಬಿಡು ಅಂದಾರ. ಹೋಗ್ಲಿ, ಅದೂ ಇರ್ಲಿ. ನಿನ್ನೆ ದಿನ ತುಂಬಿದಾಕಿ ಒಬ್ಬಾಕಿ ನನ್ನ ಜೋಡಿ ಬರಂಗಿಲ್ಲ ಅಂದ್ಲು. ಆ ಸುಳ್ಳಿ ಬೆನ್ನಹತ್ತಿ ಎಲ್ಲಿ ಹೋಗ್ತಿ ಅಂತ ಆಕಿ ಅತ್ತಿ ಅಂದ್ಳಂತ. ನಾಳಿ ಆಕಿಗಿ ಏನರ ಆದ್ರ?"

ಮಾಸ್ತರ್ "ಹೌ" ಅನ್ನಾಕ ಬಾಯಿ ತೆಗೆದವರು ಅಲ್ಲೇ ನುಂಗಿದ್ರು. ಆಕಿ ಅದನ್ನ ನೋಡಿದ್ಲು, ನಾನೂ ನೋಡಿದೆ. ಆಕಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಬಸ್ ಹೋಗ್ತದ ಅಂತ ಇಳಿದು ಹೋದ್ಲು.

ಅವತ್ತಿನಿಂದ ಮಾಸ್ತರ್ ‘ಹೌ’ ಬಿಟ್ರು. ಬಿಟ್ರು ಅಂದ್ರ ಹಲ್ಲು ಕಚ್ಚಿ ಬಿಟ್ರು. ನಾ ಲೆನ್ಸಿನ್ಯಾಗ ನೋಡ್ತಿದ್ದೆನಲ್ಲ, ದವಡಿ ಎಲುಬು ಎದ್ದು ಕಾಣ್ತಿತ್ತು. ಇದಕ್ಕ ಎಷ್ಟು ಸಲ ನಾನೇ ಜಗಳಾ ತೆಗೆದಿದ್ದೆ, ಈಗ ನೋಡಿದ್ರ ಕಾರ್ಯಕ್ರಮ ಸತ್ತ್ ಹೋದಂಗಾಗಿತ್ತು. ಮಾಸ್ತರ್ ಒಂದು ಕೇಳ್ತಾರ, ಎದುರಿನವರು ಒಂದು ಹೇಳ್ತಾರ, ಹೇಳಿದ್ದು ಮುಗೀತಂತ ಮಾಸ್ತರ್ ಗಾಬರಿಯಾಗಿ ಇನ್ನೊಂದು ಕೇಳ್ತಾರ. ಪರೀಕ್ಷಾದಾಗ ಬಾಯಿಲೆ ಕೇಳೋ ತೋಂಡಿ ಪ್ರಶ್ನಿ ನಡದಂಗ. ಲೀಡರ್‌ಗೋಳು ಆರಾಮ ಆಗಿ ಎದ್ದು ಹೋಗಾಕತ್ತಿದ್ರು.

ಶೇಖರಣ್ಣಂಗ ಇದೇ ಛಾನ್ಸ್ ಸಿಕ್ತು. "ಹಲ್ಲಾ ಮಾಡ್ರಿ ಅಂದ್ರ ಕೇಳ್ಲಿಲ್ಲ. ಈಗರೇ ಒದರ್ರಿ, ಮಂದಿ ನಿಮ್ಮನ್ನ ಅಂಜುಬುರುಕ ಅನ್ನಾಕತ್ತಾರ" ಅಂತ ಗಂಟು ಬಿದ್ದ. ಮಾಸ್ತರ್ ಪಾಪ ಯಾದಗಿರಿಯೊಳಗ ಒಮ್ಮೆ ಒದರಿದ್ರು. ಕುರ್ಚಿ ಬಿಟ್ಟು ಎದ್ದು, ಬಟ್ಟು ತೋರಿಸಿ, "ಜವಾಬು ಕೊಡ್ರಿ! ಜನರಿಗಿ ಜವಾಬು ಕೊಡ್ರಿ!" ಅಂದ್ರು. ಧ್ವನಿ ಅರ್ಧಕ್ಕ ಒಡೀತು. ಎದುರಿಗಿ ಕುಂತ ಲೀಡರ್ ಮಾರಿ ಮ್ಯಾಲ ಏನ್ ಖುಷಿ ಅಂತೀರಿ! "ನೋಡ್ರಿ, ಹಿರಿಯರು ನೀವು, ಹಿಂಗ ಮಾತಾಡಿದ್ರ ಹ್ಯಾಂಗ? ನಾ ಹೋಗ್ತೀನಿ" ಅಂತ ಮೈಕ್ ಬಿಚ್ಚಿಟ್ಟು ನಡೆದ. ಜವಾಬು ಕೊಡೋದು ತಪ್ಪಿತು, ಮ್ಯಾಲ ಮರ್ಯಾದಿನೂ ಉಳೀತು. ಅವತ್ತು ನನಗ ಬೆಂಗಳೂರಿನ ಒದರಾಟ ಏನಂತ ತಿಳೀತು. ಬೈಸ್ಕೊಳ್ಳಾಕ ಲೀಡರ್‌ಗೋಳು ತಯಾರೇ ಇರ್ತಾರ, ಬೈಸ್ಕೊಂಡ್ರ ಸವಾಲು ಮರೆತು ಹೋಗ್ತದ.

ವಾಪಸ್ ಬರೋವಾಗ ಜೀಪಿನ್ಯಾಗ ಮಾಸ್ತರ್ ಹೊರಗ ನೋಡ್ಕೋತ ಕುಂತಿದ್ರು. ಬಿಸಿ ಗಾಳಿ ಮಾರಿಗಿ ರಪ್ಪಂತ ಹೊಡಿತಿತ್ತು. ನನಗ ತಡಕೊಳ್ಳಾಕ ಆಗ್ಲಿಲ್ಲ.

"ಮಾಸ್ತರ್, ಏನರ ಅನ್ನ್ರಿ. ಇಲ್ಲಾ ನನಗ ಹುಚ್ಚು ಹಿಡಿತದ."

"ರೇಣುಕಾ, ನಾ ಇನ್ನ ಬಿಟ್ಟು ಬಿಡ್ತೀನಿ ಬೇಟಾ" ಅಂದ್ರು. "ಹೌ ಅಂದ್ರ ಸುಳ್ಳಿಗಿ ಸಾಕ್ಷಿ ಆಗ್ತೀನಿ. ಅನ್ನದಿದ್ರ ನನಗ ಕೆಲಸಾನೇ ಬರಂಗಿಲ್ಲ."

"ಮತ್ತ ಮಲ್ಲಮ್ಮ?" ಅಂದೆ. ಸಿಟ್ಟಿಲೇ ಅಂದೆ. ನೀವು ಕುರ್ಚಿ ಬಿಟ್ಟು ಮನಿಗಿ ಹೋಗ್ತೀರಿ, ಆಕಿ ಎಲ್ಲಿಗಿ ಹೋಗಬೇಕು? ಅವರು ತಲಿ ಕೆಳಗ ಹಾಕಿದ್ರು. ಸುರಪುರದ ಗುಡ್ಡ ಕಾಣಾಕತ್ತಿತ್ತು. ಆಮ್ಯಾಲ ಅವರೇ, "ಅಪ್ಪಾಸಾಬ್ರು ಇನ್ನೊಮ್ಮೆ ಕುಂದರ್ತಾರೇನು ಕೇಳು" ಅಂದ್ರು.

ಕೇಳಿದೆ. ಅಪ್ಪಾಸಾಬ್ರು ತುದಿಗಾಲ ಮ್ಯಾಲ ನಿಂತಿದ್ರು. ಮೊದಲಿನದು ಅವರಿಗಿ ಅಷ್ಟು ಛಲೋ ಆಗಿತ್ತಲ್ಲ! ಪ್ರಚಾರ ಮುಗಿಯಾಕ ಬಂದಿತ್ತು, ಇನ್ನೊಂದು ಸಲ ‘ಹೌ’ ಸಿಕ್ರ ಯಾರ್ ಬಿಡ್ತಾರ? ಅವರೇ ಒಂದು ಷರತ್ತು ಹಾಕಿದ್ರು. "ಕತ್ತರಿಸಬಾರದ್ರಿ, ಪೂರ್ತಿ ತೋರಿಸಬೇಕು." ನಾ ಹೂಂ ಅಂದೆ.

ಸುರಪುರದಾಗ ಅಪ್ಪಾಸಾಬ್ರ ಗೆಳೆಯರ ಮನಿ ಅಂಗಳ, ಬೇವಿನ ಗಿಡದ ನೆಳ್ಳು, ಸಂಜಿ ಬಿಸಲು. ಎರಡು ಕುರ್ಚಿ ಹಾಕಿದ್ವಿ. ಕೂಲರ್ ಹಚ್ಚಿದ್ರು, ಐದು ನಿಮಿಷಕ್ಕ ಕರೆಂಟ್ ಹೋತು. ಸುತ್ತ ಅವರ ಮಂದಿ, ಮೊಬೈಲ್ ಹಿಡ್ಕೊಂಡು ತಯಾರ. ನಾ ಕ್ಯಾಮೆರಾ ಸ್ಟ್ಯಾಂಡ್ ಮ್ಯಾಲ ಇಟ್ಟು ಲೆನ್ಸ್ ಒರೆಸಿದೆ.

ಮಾಸ್ತರ್ ಮೊದಲಿನಂಗೇ ಕುರ್ಚಿ ತುದಿಗಿ ಕುಂತು ಮುಂದ ಬಾಗಿದ್ರು. ದವಡಿ ಬಿಗಿ ಇದ್ದಿಲ್ಲ. ಅದನ್ನ ನೋಡಿ ನನಗ ಜರಾ ಧೈರ್ಯ ಬಂತು.

"ಹೆರಿಗಿ ದವಾಖಾನಿ ಚಾಲೂ ಅದ ಅಂದಿದ್ರಿ" ಅಂದ್ರು.

"ಅದ ರಿ. ನೀವೂ ಒಪ್ಪಿದ್ರಿ" ಅಂತ ಅಪ್ಪಾಸಾಬ್ರು ನಕ್ಕರು. ಸುತ್ತ ಮಂದಿನೂ ನಕ್ಕರು.

"ಅಲ್ಲಿ ಬರೋ ನರ್ಸಮ್ಮನ ಹೆಸರು ಏನ್ರಿ?"

"ಹೆಸರೇನ್ರಿ, ಸಿಸ್ಟರ್‌ಗೋಳು ಬರ್ತಾರ, ಹೋಗ್ತಾರ. ಎಲ್ಲಾರ ಹೆಸರೂ ನೆನಪಿರ್ತಾವೇನು?" ಅಂದು ಅಪ್ಪಾಸಾಬ್ರು ಮಾತು ನಿಲ್ಲಿಸಿದ್ರು. ನಿಲ್ಲಿಸಿದ್ದು ‘ಹೌ’ ಬರ್ಲಿ ಅಂತ. ಅದು ಬರ್ಲಿಲ್ಲ.

ಮಾಸ್ತರ್ ಅವರ ಮಾರಿ ನೋಡಿಕೋತ ಕುಂತಿದ್ರು. ಸಿಟ್ಟಿಲ್ಲ, ನಗು ಇಲ್ಲ. ಮನಿಗಿ ಬಂದವರ ಮಾತು ಕೇಳ್ತಾರಲ್ಲ, ಹಂಗ. ಬರೇ ಬಾಯಿ ಮಾತ್ರ ಮುಚ್ಚಿತ್ತು.

"ಅಂದ್ರ, ದಿನಾ ಅಂದ್ರ ದಿನಾ ಅಂತಲ್ರಿ" ಅಂದ್ರು ಅಪ್ಪಾಸಾಬ್ರು. ನಿಂತ್ರು. ಕುತ್ತಿಗಿ ಒರೆಸ್ಕೊಂಡ್ರು. "ಪೋಸ್ಟಿಂಗ್ ಆಗ್ಯದ. ಅವರು ಬಂದು ಜಾಯ್ನ್ ಆಗೋದೊಂದು ಬಾಕಿ." ಮತ್ತ ನಿಂತ್ರು. ಗಿಡದಾಗ ಕಾಗಿ ಒದರಿತು. "ಮಾಡಾಕತ್ತೀವ್ರಿ ಮಾಸ್ತರ್... ಏನ್ರಿ, ಸುಮ್ನ ಕುಂತೀರಿ? ಕೇಳಾಕತ್ತೀರೋ ಇಲ್ಲೋ?"

ಲೈನ್ ಹೋತೇನು ಅಂತ ಕೇಳೋ ಅದೇ ಧ್ವನಿ!

"ಕೇಳಾಕತ್ತೀನ್ರಿ" ಅಂದ್ರು ಮಾಸ್ತರ್, ಭಾಳ ಮೆತ್ತಗ.

ಅಷ್ಟೇ. ಮತ್ತ ಸುಮ್ನಾದ್ರು. ಅಪ್ಪಾಸಾಬ್ರು ಸುತ್ತ ನೋಡಿದ್ರು, ಅವರ ಮಂದಿ ಮೊಬೈಲ್ ಕೆಳಗಿಳಿಸ್ತಿದ್ರು. ಆಮ್ಯಾಲ ಒಮ್ಮೆಲೇ ಮಾತು ಸುರಿದ್ರು. "ಉದ್ಘಾಟನಾ ಆಗಬೇಕಲ್ರಿ ಮೊದಲು? ದೊಡ್ಡವರೊಬ್ಬರು ಬರ್ತೀನಿ ಅಂದಿದ್ರು, ಬರ್ಲಿಲ್ಲ. ಅವರನ್ನ ಬಿಟ್ಟು ರಿಬ್ಬನ್ ಕತ್ತರಿಸಿದ್ರ ಸಿಟ್ಟಿಗೇಳ್ತಾರ. ಅಷ್ಟರಾಗ ಇಲೆಕ್ಷನ್ ಬಂತು. ಅದಕ್ಕ ಕೀಲಿ ಹಾಕ್ಯದ. ನಾ ಏನ್ ಮಾಡ್ಲಿ?"

"ಹಂಗಾದ್ರ ಮಲ್ಲಮ್ಮ ಹೇಳಿದ್ದು?"

"ಆಕಿ ಹೇಳಿದ್ದು ಖರೇ ಅದ ರಿ. ಆದ್ರ ಟೀವಿ ಮುಂದ ಹೇಳಬಾರದಾಗಿತ್ತು."

"ಹೌ" ಅಂದ್ರು ಮಾಸ್ತರ್.

ಪೂರ್ತಿ ತೋರಿಸಿದ್ವಿ. ಒಂದು ಚೂರೂ ಕತ್ತರಿಸ್ಲಿಲ್ಲ, ಅವರ ಷರತ್ತೇ ಅದಾಗಿತ್ತಲ್ಲ. ಆ ಸಂಜಿಯಿಂದ ಮೊಬೈಲ್ ತುಂಬ ಅದೇ. ಶೇಖರಣ್ಣ ಮಾಸ್ತರ್ ಹೆಗಲ ಮ್ಯಾಲ ಕೈ ಹಾಕ್ಕೊಂಡು ಫೋಟೋ ತೆಗಿಸ್ಕೊಂಡ. ಬರದು ಕೊಡು ಅಂದವರು ಮಲ್ಲಮ್ಮನ ಕಡಿ ತಿರುಗಿ ಬರ್ಲಿಲ್ಲ, ಆಕಿ ಕೆಲಸಾ ಉಳೀತು. ಅಪ್ಪಾಸಾಬ್ರು ಹೆಂಗೂ ಗೆದ್ರು, ಅದೊಂದು ನನಗ ಈಗಲೂ ನುಂಗಾಕ ಆಗಂಗಿಲ್ಲ. ಮಳಿಗಾಲ ಹಿಡಿದ ಮ್ಯಾಲ ದವಾಖಾನಿ ಕೀಲಿ ತೆಗೆದ್ರಂತ, ನರ್ಸಮ್ಮನೂ ಬಂದ್ಳಂತ. ಇದೆಲ್ಲಾ ಆಮ್ಯಾಲಿನ ಮಾತು.

ಅದಕ್ಕೂ ಮೊದಲು, ಇಂಟರ್ವ್ಯೂ ಬಂದ ಎರಡನೇ ದಿನ, ನಾವು ಆ ಊರಿಗಿ ಹೋದ್ವಿ. ನನಗಂತೂ ಕಾಲು ನೆಲಕ್ಕ ಹತ್ತಿದ್ದಿಲ್ಲ. ಶಹಾಪುರದಾಗ ಬಿಸಿ ಜಿಲೇಬಿ ಕಟ್ಟಿಸ್ಕೊಂಡಿದ್ದೆ. ಹಾದ್ಯಾಗೆಲ್ಲಾ, ಮಾಸ್ತರ್ ನೀವು ಹಿಂಗ ಮಾಡಿದ್ರಿ, ಅವರು ಹಂಗ ಬೆವತ್ರು ಅಂತ ಒಂದೇ ಸವನೆ ಹಚ್ಚಿದ್ದೆ. ಮಾಸ್ತರೂ ಮಾರಿ ಅರಳಿಸಿ ಕುಂತಿದ್ರು. ಮಲ್ಲಮ್ಮ ದವಾಖಾನಿ ಮೆಟ್ಟಲ ಮ್ಯಾಲ ನೆಳ್ಳಿಗಿ ಕುಂತಿದ್ಲು. ಎದ್ದು ಬಂದು ಕೈ ಹಿಡಿತಾಳ ಅಂತ ತಿಳಿದಿದ್ದೆ. ಏಳ್ಲಿಲ್ಲ. ಜಿಲೇಬಿ ಪೊಟ್ಟಣ ಬಾಜೂಕ ಸರಿಸಿ ಇಟ್ಲು.

"ಮಂದಿ ಈಗ ನನ್ನ ಖರೇ ಅನ್ನಾಕತ್ತಾರ" ಅಂದ್ಲು.

"ಮತ್ತ? ಛಲೋ ಆತಲ್ಲ ಅಕ್ಕಾ!" ಅಂದೆ ನಾ.

"ಅಂವ ಸುಳ್ಳು ಹೇಳಿದಾಗ ನಾ ಸುಳ್ಳಿ ಆದೆ. ಅಂವ ಖರೇ ಹೇಳಿದಾಗ ನಾ ಖರೇ ಆದೆ. ನಾ ಎರಡೂ ಸಲ ಒಂದೇ ಮಾತು ಹೇಳಿದಾಕಿ." ಆಮ್ಯಾಲ ಮಾಸ್ತರ್ ಕಡಿ ತಿರುಗಿದ್ಲು. "ಮಾಸ್ತರ್, ಮೊದಲ ಸಲ ನಂದು ಟೀವ್ಯಾಗ ಎಷ್ಟೊತ್ತು ಹಾಕಿದ್ರಿ?"

"ಸ್ವಲ್ಪೊತ್ತು."

"ನಾ ಎಷ್ಟೊತ್ತು ಮಾತಾಡಿದ್ದೆ?"

"ಭಾಳ ಹೊತ್ತು ಮಾತಾಡಿದ್ದಿ."

"ಅಪ್ಪಾಸಾಬಂದು?"

"ಪೂರ್ತಿ."

"ಯಾಕ?"

ಮಾಸ್ತರ್ ಸುಮ್ನಾದ್ರು. ಆಕಿ ಬಿಡ್ಲಿಲ್ಲ.

"ಹಿಂಗ ಸುಮ್ನ ಕುಂದರಬ್ಯಾಡ್ರಿ. ನಾ ಏನ್ ಲೀಡರ್ ಅಲ್ಲ."

ಮಾಸ್ತರ್ ಮಾರಿ ಕೆಂಪಾತು. ಅವರನ್ನ ಯಾರೂ ಹಂಗ ಕೇಳಿದ್ದಿಲ್ಲ, ಯಾವ ಕುರ್ಚ್ಯಾಗೂ. "ದೊಡ್ಡವರ ಬಾಯಿಂದ ಬಂದ್ರ ಮಂದಿ ನಂಬತಾರ ಅಂತ ತಿಳಿದಿದ್ದೆ ಮಲ್ಲಮ್ಮ. ನಿನ್ನ ಮಾತು ಅವರಿಗಿ ಸವಾಲು ಕೇಳಾಕ ಬೇಕಾಗಿತ್ತು, ಅಷ್ಟು ಸಾಕು ಅಂದೆ. ನಾನೇ ಅಂದೆ" ಅಂದ್ರು. ಧ್ವನಿ ಸಣ್ಣದಾಗಿತ್ತು.

"ನೀವೇ ಹಂಗ ತಿಳಿದ ಮ್ಯಾಲ ಮಂದಿ ಹ್ಯಾಂಗ ತಿಳೀತಾರ?" ಅಂದ್ಲು ಮಲ್ಲಮ್ಮ. ಸಿಟ್ಟಿಲೇ ಅನ್ನಲಿಲ್ಲ. ದಣಿದಿದ್ಲು. ಆಮ್ಯಾಲ ಮೆಟ್ಟಲ ಮ್ಯಾಲಿನ ಧೂಳು ಕೈಲೆ ಸವರಿ, ಮಾಸ್ತರ್‌ಗೆ ಜಾಗಾ ಮಾಡಿ ಕೊಟ್ಲು. "ಕ್ಯಾಮೆರಾ ಹಚ್ಚು ರೇಣುಕಾ. ನಾ ಸಾಕು ಅನ್ನೋತನಕ ಬಂದ್ ಮಾಡಬ್ಯಾಡ."

ಹಚ್ಚಿದೆ. ಮಾಸ್ತರ್ ಆಕಿ ಬಾಜೂಕ ಕುಂತ್ರು, ಕೈ ಮೊಣಕಾಲ ಮ್ಯಾಲಿಟ್ಟು ಮುಂದ ಬಾಗಿದ್ರು. ಇಷ್ಟು ವರ್ಷದಾಗ ಅವರ ಹತ್ತಿರ ಸವಾಲು ಇಲ್ಲದ್ದು ನಾ ನೋಡಿದ್ದು ಅದೇ ಮೊದಲು.

"ಏನ್ ಕೇಳ್ಲಿ ಮಲ್ಲಮ್ಮ?" ಅಂದ್ರು.

"ಏನೂ ಕೇಳಬ್ಯಾಡ್ರಿ" ಅಂದ್ಲು ಆಕಿ. "ಕುಂತು ಕೇಳ್ರಿ."